ಅರವತ್ನಾಲ್ಕು ಸೆಂಟಿಮೀಟರ್ ದೂರದ ಕಡಲು

ಹನ್ನೊಂದು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಮೂವತ್ತೊಂದು ವರ್ಷ ಲಿಫ್ಟು ನಡೆಸಿ ನಿವೃತ್ತನಾದವನನ್ನು ಬೀದಿಯವರೆಲ್ಲ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ನಿವೃತ್ತನಾದ ಮಾರನೆಯ ಬೆಳಿಗ್ಗೆ ಅವನು ಹಾಳೆ, ಪೆನ್ಸಿಲು ಹಿಡಿದು ಕೂತು ಒಂದು ಲೆಕ್ಕ ಹಾಕಿದ. ದಿನಕ್ಕೆ ಇನ್ನೂರು ಸಲ ಹತ್ತಿ ಇನ್ನೂರು ಸಲ ಇಳಿದದ್ದನ್ನೆಲ್ಲ ಕೂಡಿಸಿದರೆ ಅವನು ಭೂಮಿಗೆ ಮೂರು ಸುತ್ತು ಹಾಕುವಷ್ಟು ದೂರ ಹೋಗಿದ್ದ. ಮುಂದಕ್ಕೆ ಮಾತ್ರ ಒಂದಡಿಯೂ ಹೋಗಿರಲಿಲ್ಲ.

"ಇನ್ಮೇಲೆ ಮುಂದಕ್ಕೆ ಹೋಗ್ತೀನಿ ಕಣೇ," ಎಂದು ಹೆಂಡತಿಗೆ ಹೇಳಿದ.

"ಹೋಗ್ರಿ. ಮುಂದಿನ ರೂಮು ಗುಡಿಸಿಲ್ಲ, ಅಲ್ಲಿವರೆಗೂ ಹೋಗಿ ಬನ್ನಿ," ಎಂದಳು ಅವಳು.

ಹೆಂಡತಿ ಟೇಲರಮ್ಮ. ಮುಂದಿನ ರೂಮೇ ಅವಳ ಅಂಗಡಿ. ಒಂದು ಹೊಲಿಗೆ ಮಿಷನ್ನು, ಒಂದು ಉದ್ದನೆಯ ಕಟಿಂಗ್ ಮೇಜು, ಒಂದು ನಿಲುವುಗನ್ನಡಿ, ಗೋಡೆಗೆ ಸಾಲಾಗಿ ದಾರದ ಉಂಡೆಗಳು. ಇಪ್ಪತ್ತಾರು ವರ್ಷದಲ್ಲಿ ಆ ಅಂಗಡಿ ಒಟ್ಟಿಗೆ ಎರಡು ದಿನ ಮುಚ್ಚಿದ್ದು ಯಾರಿಗೂ ನೆನಪಿಲ್ಲ. ಬಾಗಿಲು ಮುಚ್ಚಿದ್ದರೆ ಗಿರಾಕಿಗಳು ಕಿಟಕಿಯಿಂದ ಬಟ್ಟೆ ಎಸೆದು ಹೋಗುತ್ತಿದ್ದರು.

ಮುಂದಕ್ಕೆ ಹೋಗುವುದೆಂದರೆ ಲಿಫ್ಟಣ್ಣನ ಮನಸ್ಸಿನಲ್ಲಿದ್ದದ್ದು ಮೋಟಾರ್ ಸೈಕಲ್ಲು. ಐವತ್ತೆಂಟನೆಯ ವಯಸ್ಸಿನಲ್ಲಿ ಕಲಿಯಲು ಹೊರಟ. ಕಲಿಸಿದವನು ಟೇಲರಮ್ಮನ ತಮ್ಮ, ಮೋಟಾರ್ ಸ್ಕೂಲಿನ ಮೇಷ್ಟ್ರು. ಅವನು ಎಂತೆಂಥವರಿಗೋ ಕಲಿಸಿದ್ದ; ಎಡ ಬಲ ಗೊತ್ತಿಲ್ಲದವರಿಗೂ ಕಲಿಸಿದ್ದ. ಆದರೆ ಖಾಲಿ ಮೈದಾನದಲ್ಲಿ ಗಾಡಿ ಬಿಡುವ ಮೊದಲು ಹಿಂದೆ ತಿರುಗಿ, "ಬಾಗಿಲು ಬಿಟ್ಟು ನಿಂತ್ಕೊಳ್ಳಿ," ಎಂದು ಗಾಳಿಗೆ ಹೇಳುವ ಶಿಷ್ಯ ಅವನಿಗೆ ಸಿಕ್ಕಿದ್ದು ಅದೇ ಮೊದಲು.

ಲೈಸೆನ್ಸ್ ಪರೀಕ್ಷೆಯ ದಿನ ಸಾಹೇಬರು ನೆಲದ ಮೇಲೆ ಎಳೆದಿದ್ದ ಗೆರೆ ತೋರಿಸಿ, "ಎಂಟು ಹಾಕಿ," ಎಂದರು. ಲಿಫ್ಟಣ್ಣನ ಹೆಬ್ಬೆರಳು ತಾನಾಗಿಯೇ ಹೋಗಿ ಹಾರ್ನ್ ಗುಂಡಿ ಒತ್ತಿತು. ಆಮೇಲೆ ಕೈಕಟ್ಟಿ ಕೂತು, ಎಂಟನೆಯ ಮಹಡಿ ಬರಲಿ ಎಂದು ಕಾಯತೊಡಗಿದ. ಸಾಹೇಬರೂ ಕಾದರು. ಕೊನೆಗೆ ಮೇಷ್ಟ್ರು ಬೇಲಿಯಾಚೆಯಿಂದ ಕೂಗಿದ: "ಭಾವಾ, ಅದು ಮಹಡಿ ಅಲ್ಲ! ಗಾಡಿನ ಎಂಟರ ಥರ ತಿರುಗಿಸ್ಬೇಕು!" ಮೂರನೆಯ ಪ್ರಯತ್ನಕ್ಕೆ ಲೈಸೆನ್ಸು ಸಿಕ್ಕಿತು. ಎರಡನೆಯ ಪ್ರಯತ್ನದ ವಿಷಯ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಲೈಸೆನ್ಸು ಕೈಗೆ ಬಂದ ವಾರವೇ ಅವನು ಮೋಟಾರ್ ಸೈಕಲ್ಲೊಂದನ್ನು ಕೊಂಡು, ದೊಡ್ಡದೊಂದು ರಸ್ತೆಯ ನಕ್ಷೆ ತಂದು ಕಟಿಂಗ್ ಮೇಜಿನ ಮೇಲೆ ಹರಡಿದ. ಬೆಟ್ಟಗಳ ಸೊಂಟ ಹಿಡಿದು, ಕೆರೆಗಳ ಪಕ್ಕ ಸುತ್ತಿ, ಕಾಡಿನೊಳಗೆ ನುಸುಳಿ ಕಡಲಿಗೆ ಇಳಿಯುವ ಹಳೆಯ ರಸ್ತೆಯೊಂದು ಅದರಲ್ಲಿತ್ತು. ಹೊಸ ರಸ್ತೆ ಆದ ಮೇಲೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ. ಎಷ್ಟು ದೂರ ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ.

"ಫೋನಲ್ಲಿ ನೋಡಿ ಭಾವ."

"ಅದು ನನ್ನನ್ನ ಕೈ ಹಿಡಿದು ಎಳ್ಕೊಂಡು ದೊಡ್ಡ ರಸ್ತೆಗೇ ಹೋಗುತ್ತೆ. ಅದಕ್ಕೆ ಅವಸರ. ನನಗಿಲ್ಲ. ದಾರಿಲಿ ಟೆಂಟ್ ಹಾಕ್ಕೊಂಡು ಮಲಗಿ, ಎದ್ದು, ಸುತ್ತ ನೋಡಿ, ನಿಧಾನಕ್ಕೆ ಹೋಗೋನು ನಾನು."

ಟೇಲರಮ್ಮ ಸೂಜಿಗೆ ದಾರ ಪೋಣಿಸುತ್ತಾ, ಯಾರಿಗೆ ಹೇಳುತ್ತಿದ್ದೇನೆಂದು ಗೊತ್ತಾಗದ ಹಾಗೆ ಹೇಳಿದಳು: "ಸ್ಕೂಲು ಶುರುವಾಗೋ ಮುಂಚೆ ಯೂನಿಫಾರ್ಮ್ ಬಟ್ಟೆ ಬಂದು ಬೀಳುತ್ತೆ. ಅದಕ್ಕೆ ಮುಂಚೆ ಒಂಬತ್ತು ದಿನ ಸಿಗುತ್ತೆ. ಒಂಬತ್ತಂದ್ರೆ ಒಂಬತ್ತು. ಹತ್ತನೇ ದಿನ ಬೆಳಿಗ್ಗೆ ನಾನು ಮಿಷನ್ ಮುಂದೆ ಇರ್ಬೇಕು."

ಲಿಫ್ಟಣ್ಣ ನಕ್ಷೆಯಿಂದ ತಲೆಯೆತ್ತಿದ. "ನೀನೂ ಬರ್ತೀಯಾ?"

"ಬರ್ತೀನಿ ಅಂದ್ನಾ? ಒಂಬತ್ತು ದಿನ ಸಿಗುತ್ತೆ ಅಂದೆ."

ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಅದು ಬರುತ್ತೇನೆ ಎಂಬುದಕ್ಕಿಂತ ಗಟ್ಟಿಯಾದ ಮಾತು ಎಂಬುದು ಅವನಿಗೆ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು. ಅವನು ತಕ್ಷಣ ತನ್ನದೊಂದು ಕಟ್ಟಳೆ ಹಾಕಿದ: "ಹಿಂದೆ ನಮ್ಮಕ್ಕ ಕೂರೋದಾದ್ರೆ ದಿನಕ್ಕೆ ಎಂಬತ್ತು ಕಿಲೋಮೀಟರ್. ಎಂಬತ್ತೊಂದು ಮಾಡಿದ್ರೆ ನಾನೇ ಬಂದು ಗಾಡಿ ಕೀ ಕಿತ್ಕೊಳ್ತೀನಿ. ನೀವಿನ್ನೂ ಹೊಸಬರು ಭಾವ, ಬೆಟ್ಟದ ತಿರುವು ಹುಡುಗಾಟ ಅಲ್ಲ."

ಹೀಗೆ ಅಕ್ಕ ತಮ್ಮ ಇಬ್ಬರೂ ಸೇರಿ ಲೆಕ್ಕವನ್ನು ಮುಗಿಸಿಬಿಟ್ಟರು. ಹೋಗಲು ನಾಲ್ಕು ದಿನ, ಕಡಲ ಹತ್ತಿರ ಒಂದು ದಿನ, ಬರಲು ನಾಲ್ಕು ದಿನ. ಕಡಲು ಮುನ್ನೂರಿಪ್ಪತ್ತು ಕಿಲೋಮೀಟರಿನೊಳಗೆ ಇದ್ದರೆ ಅವಳು ಬರುತ್ತಾಳೆ. ಅದಕ್ಕಿಂತ ಆಚೆಗಿದ್ದರೆ ಅವನೊಬ್ಬನೇ.

ಟೇಲರಮ್ಮ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆಯುತ್ತಿದ್ದಾಗ ಲಿಫ್ಟಣ್ಣ ಅವಳ ಡ್ರಾಯರಿನಿಂದ ಬಿಳಿ ದಾರದ ಉಂಡೆಯೊಂದನ್ನೂ ಒಂದು ಹಿಡಿ ಗುಂಡುಪಿನ್ನುಗಳನ್ನೂ ತೆಗೆದುಕೊಂಡ. ನಕ್ಷೆಯ ಮೇಲೆ ಮನೆಯಿಂದ ಶುರುಮಾಡಿ, ಪ್ರತಿ ತಿರುವಿಗೂ ಒಂದು ಪಿನ್ನು ಚುಚ್ಚಿ, ದಾರ ಒಂದಿಷ್ಟೂ ಸಡಿಲವಾಗದಂತೆ ಬಿಗಿಯಾಗಿ ಎಳೆದೆಳೆದು ಕಡಲಿನವರೆಗೆ ತಂದ. ಮೂರು ಗಂಟೆ ಹಿಡಿಯಿತು. ಬೆನ್ನು ಬಿಲ್ಲಾಯಿತು. ಕಡಲ ಅಂಚಿನಲ್ಲಿ ಕತ್ತರಿಸಿ, ಪಿನ್ನು ಕಿತ್ತು, ದಾರವನ್ನು ಟೇಪಿನ ಪಕ್ಕ ಮಲಗಿಸಿದ. ಅರವತ್ನಾಲ್ಕು ಸೆಂಟಿಮೀಟರ್. ನಕ್ಷೆಯ ಮೂಲೆಯಲ್ಲಿ ಬರೆದಿತ್ತು: ಒಂದು ಸೆಂಟಿಮೀಟರಿಗೆ ಐದು ಕಿಲೋಮೀಟರ್. ಮೂರು ಸಲ ಗುಣಿಸಿದ. ಮೂರು ಸಲವೂ ಮುನ್ನೂರಿಪ್ಪತ್ತೇ ಬಂತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ರಸ್ತೆ ಮಾಡಿದ ಮಹಾನುಭಾವರು ಟೇಲರಮ್ಮನನ್ನು ಕೇಳಿಯೇ ಮಾಡಿರಬೇಕು ಎನ್ನಿಸಿ ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಏನೇ, ಮುನ್ನೂರಿಪ್ಪತ್ತು!" ಎಂದು ಕೂಗಿದ.

"ಸರಿ ಬಿಡಿ," ಎಂದಳು ಟೇಲರಮ್ಮ. ಅಷ್ಟೇ. ಆದರೆ ಅವತ್ತು ಮಧ್ಯಾಹ್ನವೇ ರಟ್ಟಿನ ಮೇಲೆ 'ಒಂಬತ್ತು ದಿನ ಅಂಗಡಿ ಇರುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದಳು. ಬೀದಿಯಲ್ಲಿ ಗುಂಪು ಸೇರಿತು. ಓದು ಬರದವರಿಗೆ ಓದು ಬರುವವರು ಓದಿ ಹೇಳಿದರು. ಮೂವರು ಬಂದು ಆರೋಗ್ಯ ವಿಚಾರಿಸಿಕೊಂಡು ಹೋದರು.

ಟೆಂಟನ್ನು ಅವಳೇ ಹೊಲಿಯಲು ಕೂತಳು. ಮಳೆ ಕೋಟಿನ ಹಸಿರು ಬಟ್ಟೆ, ಜೋಡಿ ಹೊಲಿಗೆ. ಮೊದಲು ಗಂಡನನ್ನು ನೆಲದ ಮೇಲೆ ಮಲಗಿಸಿ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಪಕ್ಕದಲ್ಲಿ ತಾನೂ ಮಲಗಿ, "ನನ್ನದು ಎಳೀರಿ," ಎಂದಳು. ಅಷ್ಟರಲ್ಲಿ ಒಳಗೆ ಬಂದ ಗಿರಾಕಿಯೊಬ್ಬಳು, ಹಾಡಹಗಲೇ ಗಂಡ ಹೆಂಡತಿ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬಿದ್ದುಕೊಂಡಿರುವುದನ್ನು ಕಂಡು ಬಂದ ದಾರಿಯಲ್ಲೇ ಹಿಂದೆ ಸರಿದಳು. ಇನ್ನೊಬ್ಬಳು ಧೈರ್ಯವಂತೆ. ಮಿಷನ್ನಿನಿಂದ ಇಳಿಬಿದ್ದ ಬಟ್ಟೆ ನೋಡಿ ಕೇಳಿಯೇಬಿಟ್ಟಳು: "ಅಕ್ಕಾ, ಇಷ್ಟು ದೊಡ್ಡ ಫ್ರಾಕು ಯಾರಿಗೆ?"

"ಇಬ್ಬರಿಗೆ," ಎಂದಳು ಟೇಲರಮ್ಮ.

ಮುಗಿದ ಟೆಂಟಿಗೆ ಎರಡು ಪಕ್ಕದ ಜೇಬಿದ್ದವು, ಒಂದು ಒಳಜೇಬು, ಎಂಟು ಗುಂಡಿ, ಒಂದು ಕಾಲರು. ಟೆಂಟಿಗೆ ಕಾಲರು ಯಾಕೆ ಎಂದು ಮೇಷ್ಟ್ರು ಕೇಳಿದ್ದಕ್ಕೆ, "ಇರಲಿ ಬಿಡು, ನಾಲ್ಕು ಜನ ನೋಡೋ ಕಡೆ ನಿಲ್ಲೋದು," ಎಂದಳು. ಮನೆಯ ತಾರಸಿಯ ಮೇಲೆ ನಿಲ್ಲಿಸಿ ನೋಡಿದಾಗ ಅದು ಸಂದರ್ಶನಕ್ಕೆ ಹೊರಟವನ ಹಾಗೆ ನೆಟ್ಟಗೆ ನಿಂತಿತು. ಇಬ್ಬರೂ ಒಳಗೆ ನುಗ್ಗಿ ಕೂತರು. ಹಸಿರು ಬೆಳಕು. ಟೇಲರಮ್ಮ ಹೊಲಿಗೆಗಳ ಮೇಲೆ ಕೈಯಾಡಿಸುತ್ತಾ, "ಅಲ್ಲೂ ಹೀಗೇ ಇರುತ್ತಾ?" ಎಂದಳು. "ಅಲ್ಲಿ ಹೊರಗಡೆ ನೀರಿನ ಟ್ಯಾಂಕು ಇರಲ್ಲ," ಎಂದ ಅವನು. ಅವಳು ನಕ್ಕಳು. ಅವಳ ನಗು ಅಷ್ಟು ಹತ್ತಿರದಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. ಸಾಮಾನ್ಯವಾಗಿ ಅದು ಮಿಷನ್ನಿನ ಸದ್ದು ದಾಟಿಕೊಂಡು ಬರಬೇಕಿತ್ತು.

ಹೊರಡಲು ಹತ್ತು ದಿನವಿರುವಾಗ ಲಿಫ್ಟಣ್ಣ ಮೊದಲ ದಿನದ ದಾರಿಯನ್ನು ಒಬ್ಬನೇ ನೋಡಿಬರಲು ಹೋದ. ಲೆಕ್ಕದ ಪ್ರಕಾರ ಎಂಬತ್ತನೆಯ ಕಿಲೋಮೀಟರಿಗೆ ಒಂದು ಕೆರೆ. ಅದರ ದಂಡೆಯಲ್ಲಿ ಮೊದಲ ಟೆಂಟು. ಗಾಡಿಯ ಮೀಟರು ಎಂಬತ್ತು ತೋರಿಸಿದಾಗ ನಿಲ್ಲಿಸಿ ಸುತ್ತ ನೋಡಿದ. ಕೆರೆಯಿರಲಿ, ಒಂದು ಕೊಚ್ಚೆಗುಂಡಿಯೂ ಇರಲಿಲ್ಲ. ರಸ್ತೆ ರಿಪೇರಿಯವನೊಬ್ಬ ಜಲ್ಲಿ ಗುಡ್ಡೆಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದ.

"ಇಲ್ಲೊಂದು ಕೆರೆ ಇರ್ಬೇಕಿತ್ತಲ್ಲ?"

"ಕೆರೆನಾ? ಇನ್ನೂ ಐವತ್ತು ಕಿಲೋಮೀಟರ್ ಹೋಗ್ಬೇಕು ಯಜಮಾನ್ರೇ."

"ಇಲ್ಲ ಇಲ್ಲ, ಸರಿಯಾಗಿ ಇಲ್ಲೇ ಇರ್ಬೇಕು. ನಾನು ಅಳೆದಿದೀನಿ."

ರಸ್ತೆಯವನು ಬ್ರೆಡ್ಡು ನುಂಗಿ, ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ನಾನು ನೋಡ್ತಿರೋ ಇಪ್ಪತ್ತು ವರ್ಷದಿಂದ ಅದು ಅಲ್ಲೇ ಇದೆ. ನೀವು ಬರ್ತೀರಿ ಅಂತ ಮೊದಲೇ ಹೇಳಿದ್ರೆ ಈ ಕಡೆ ಸ್ವಲ್ಪ ತಳ್ಳಿಡ್ತಿದ್ದೆ."

ಲಿಫ್ಟಣ್ಣ ಅಲ್ಲಿಂದಲೇ ತಿರುಗಿದ. ಮನೆ ಸೇರುವಾಗ ಮುಂಗೈ ಮರಗಟ್ಟಿತ್ತು. ಟೀ ಲೋಟ ಹಿಡಿದರೆ ಟೀ ಅರ್ಧ ಅಂಗಿಯ ಮೇಲೆ. ತಪ್ಪೆಲ್ಲ ಮೀಟರಿನದು ಎಂದು ತೀರ್ಮಾನಿಸಿ, ಅದನ್ನು ಸಾಬೀತು ಮಾಡಲು ಒಳಕೋಣೆಯಲ್ಲಿ ಕೂತು ಅದೇ ದಾರವನ್ನು ಟೇಪಿನ ಮೇಲೆ ಹಿಡಿದ. ಅರವತ್ನಾಲ್ಕು. ನಡುಗುವ ಕೈ ಸ್ವಲ್ಪ ಎಳೆಯಿತು. ಎಪ್ಪತ್ತು. ಇನ್ನೂ ಸ್ವಲ್ಪ. ತೊಂಬತ್ತು. ನೂರಾ ಎರಡರ ಹತ್ತಿರ ಬಂದಾಗ ದಾರದ ತುದಿ ಬೆರಳಿನಿಂದ ಜಾರಿ, ಪಟ್ಟನೆ ಹಾರಿ, ಅವನ ಮೂಗಿಗೆ ಬಡಿಯಿತು.

ಅದು ದಾರವಾಗಿರಲಿಲ್ಲ. ಮಕ್ಕಳ ಫ್ರಾಕಿನ ಸೊಂಟಕ್ಕೆ ನೆರಿಗೆ ಹಿಡಿಯಲು ಹಾಕುವ ಎಲಾಸ್ಟಿಕ್ಕು.

ನಕ್ಷೆಯ ಮೇಲೆ ಬಿಗಿಯಾಗಿ ಎಳೆದಾಗ ನೂರಾ ಎರಡು ಸೆಂಟಿಮೀಟರ್ ಇದ್ದದ್ದು, ಪಿನ್ನು ಕಿತ್ತೊಡನೆ ಅರವತ್ನಾಲ್ಕಕ್ಕೆ ಕುಗ್ಗಿತ್ತು. ಅಂದರೆ ಕಡಲು ಐನೂರಾ ಹತ್ತು ಕಿಲೋಮೀಟರ್ ಆಚೆಗಿತ್ತು. ದಿನಕ್ಕೆ ಎಂಬತ್ತರಂತೆ ಹೋಗಲು ಏಳು ದಿನ, ಬರಲು ಏಳು ದಿನ, ಮಧ್ಯೆ ಒಂದು. ಹದಿನೈದು. ಅವನು ಮೂಗು ಉಜ್ಜಿಕೊಳ್ಳುತ್ತಾ ಕೂತೇ ಇದ್ದ. ಬಾಗಿಲಿನಾಚೆ ಆರಡಿ ದೂರದಲ್ಲಿ ಮಿಷನ್ನು ಟಕಟಕ ಓಡುತ್ತಿತ್ತು. ಟೇಲರಮ್ಮ ಯಾರಿಗೋ ಹೇಳುತ್ತಿದ್ದಳು: "ಇಲ್ಲಮ್ಮ, ಆ ವಾರ ಆಗಲ್ಲ. ನಾವು ಕಡಲಿಗೆ ಹೋಗ್ತಿದೀವಿ." ಕಡಲು ಎನ್ನುವಾಗ ಅವಳು ಪೆಡಲಿನಿಂದ ಕಾಲು ತೆಗೆದು, ಸದ್ದು ನಿಲ್ಲಿಸಿ ಹೇಳಿದಳು. ಚೆನ್ನಾಗಿ ಕೇಳಿಸಲಿ ಎಂದು.

ಹೇಳದೆ ಇದ್ದುಬಿಟ್ಟರೆ? ದಿನಕ್ಕೆ ನೂರಿಪ್ಪತ್ತೆಂಟು ಓಡಿಸಿದರೆ ನಾಲ್ಕೇ ದಿನಕ್ಕೆ ಮುಟ್ಟಬಹುದು. ಅವನು ಸೀದಾ ಮೋಟಾರ್ ಸ್ಕೂಲಿಗೆ ನಡೆದ.

"ಒಬ್ಬ ಮನುಷ್ಯ ಇದಾನೆ ಅಂತಿಟ್ಕೋ," ಎಂದು ಶುರುಮಾಡಿದ. "ಹೊಸದಾಗಿ ಗಾಡಿ ಕಲಿತಿದಾನೆ. ಬೆಟ್ಟದ ರಸ್ತೇಲಿ ದಿನಕ್ಕೆ ನೂರಿಪ್ಪತ್ತೆಂಟು ಹೋಗ್ಬಹುದಾ?"

ಮೇಷ್ಟ್ರು ಸ್ಪ್ಯಾನರು ಕೆಳಗಿಟ್ಟ. "ಆ ಮನುಷ್ಯ ನಮ್ಮ ಪೈಕಿಯವನಾ?"

"ದೂರದವನು."

"ಅವನ ಹಿಂದೆ ಯಾರು ಕೂರೋದು?"

"ಅದು... ಅವನ ಹೆಂಡತಿ ಇರ್ಬಹುದು."

"ಆಯಮ್ಮನಿಗೆ ಒಬ್ಬ ತಮ್ಮ ಇದಾನಾ?"

ಲಿಫ್ಟಣ್ಣ ಆ ಸ್ಪ್ಯಾನರು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದ. ಮೇಷ್ಟ್ರು ಅವನ ಕೈ ನೋಡಿದ. ಇನ್ನೂ ಸಣ್ಣಗೆ ನಡುಗುತ್ತಿತ್ತು. ಮೂಗಿನ ಮೇಲಿನ ಕೆಂಪು ಗೆರೆಯನ್ನೂ ನೋಡಿದ. ಅದರ ಬಗ್ಗೆ ಕೇಳದಿರುವಷ್ಟು ಒಳ್ಳೆಯವನು. "ಭಾವ, ಅವತ್ತು ಮೈದಾನದಲ್ಲಿ ನಿಮ್ಮನ್ನ ಎಷ್ಟು ಸಲ ಎತ್ತಿ ನಿಲ್ಲಿಸಿದೀನೋ ಲೆಕ್ಕ ಇಟ್ಟಿಲ್ಲ. ನೀವು ಬಿದ್ರೆ ನನಗೆ ನಗು ಬರುತ್ತೆ. ಅಕ್ಕ ಬಿದ್ರೆ ಬರಲ್ಲ. ಬೇಕಾದ್ರೆ ಒಬ್ಬರೇ ಹೋಗಿ, ತಿಂಗಳು ತಗೊಳ್ಳಿ. ಅಕ್ಕನ್ನ ಕೂರಿಸ್ಕೊಂಡು ಮಾತ್ರ ಎಂಬತ್ತು."

ವಾಪಸು ಬರುವಾಗ ಲಿಫ್ಟಣ್ಣ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಅಂಗಡಿಯೊಳಗೆ ಕಾಲಿಟ್ಟೊಡನೆ ಜೋಡಿಸಿದ್ದೆಲ್ಲ ಉದುರಿಹೋಯಿತು. ಜೇಬಿನಿಂದ ಎಲಾಸ್ಟಿಕ್ಕು ತೆಗೆದು ಮಿಷನ್ನಿನ ಮೇಲಿಟ್ಟ.

"ಇದರಲ್ಲಿ ಅಳೆದೆ ಕಣೇ," ಎಂದ.

ಟೇಲರಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಅವಳಿಗೆ ಎಲ್ಲ ಅರ್ಥವಾಯಿತೆಂದು ಅವಳ ಹುಬ್ಬು ನೋಡಿಯೇ ಅವನಿಗೆ ಗೊತ್ತಾಯಿತು.

"ಟೇಲರ್ ಜೊತೆ ಇಷ್ಟು ವರ್ಷ ಸಂಸಾರ ಮಾಡಿ, ದಾರ ಯಾವುದು ಎಲಾಸ್ಟಿಕ್ ಯಾವುದು ಗೊತ್ತಾಗಲ್ವೇನ್ರೀ? ಎಳೆದ್ರೆ ಬರೋದೆಲ್ಲ ದಾರನಾ?"

"ಚೆನ್ನಾಗಿ ಬರ್ತಾ ಇತ್ತು. ಒಳ್ಳೇ ದಾರ ಅನ್ಕೊಂಡೆ."

"ನಿಜಕ್ಕೂ ಎಷ್ಟು?"

"ಐನೂರಾ ಹತ್ತು. ಹದಿನೈದು ದಿನ ಬೇಕು."

ಅವಳು ತಲೆ ಬಗ್ಗಿಸಿ ಪೆಡಲು ತುಳಿದಳು. ಸೂಜಿ ಬಟ್ಟೆಯ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಓಡಿತು. ಸೂಜಿಯಲ್ಲಿ ದಾರವಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ಖಾಲಿ ಸೂಜಿಯಲ್ಲಿ ಹೊಲಿದದ್ದನ್ನು ಅವನು ನೋಡಿರಲಿಲ್ಲ. ಅವಳು ನೋಡಿದಳೋ ಇಲ್ಲವೋ, ಬಟ್ಟೆ ತಿರುಗಿಸಿ ಇನ್ನೊಂದು ಸಾಲನ್ನೂ ಹಾಗೆಯೇ ಹೊಲಿದಳು.

"ನೀವು ಹೋಗ್ಬನ್ನಿ," ಎಂದಳು ಆಮೇಲೆ. "ಹದಿನೈದು ದಿನ ಆದ್ರೆ ಆಗಲಿ. ಟೆಂಟು ನಿಮ್ಮೊಬ್ಬರಿಗೆ ಸ್ವಲ್ಪ ಲೂಸ್ ಆಗುತ್ತೆ. ಎರಡು ಟಕ್ ಹಿಡಿದು ಚಿಕ್ಕದು ಮಾಡಿ ಕೊಡ್ತೀನಿ."

ಅವನು ಗಿರಾಕಿಗಳ ಸ್ಟೂಲು ಎಳೆದು ಅವಳೆದುರು ಕೂತ.

"ನನಗೆ ಕಡಲು ಬೇಕು ಅಂತ ಯಾರು ಹೇಳಿದ್ರು?"

"ನೀವೇ. ಎರಡು ತಿಂಗಳಿಂದ ಬೇರೆ ಮಾತೇ ಇಲ್ಲ."

"ಎಲ್ಲಿಗೆ ಹೋಗ್ತೀರಿ ಅಂತ ಎಲ್ಲರೂ ಕೇಳ್ತಾರಲ್ಲ, ಏನಾದ್ರೂ ಹೇಳ್ಬೇಕಲ್ಲ ಅಂತ ಹೇಳಿದ್ದು. ಮೂವತ್ತೊಂದು ವರ್ಷ ಬೇರೆಯವರು ಹೇಳಿದ ಕಡೆಗೆ ಹೋದೆ ಕಣೇ. ನಾನೇ ಹೇಳ್ಬೇಕಾದಾಗ ಏನು ಹೇಳ್ಬೇಕೋ ತಿಳೀಲಿಲ್ಲ. ರಸ್ತೆ ಅಲ್ಲಿಗೆ ಮುಗಿಯುತ್ತೆ, ಅದಕ್ಕೆ ಕಡಲು ಅಂದೆ." ಅವನು ಟೋಪಿಯಿಲ್ಲದ ತಲೆಯ ಮೇಲೆ, ಲಿಫ್ಟಿನ ಕೆಲಸದ ಹಳೆಯ ಟೋಪಿ ಸರಿಮಾಡಿಕೊಳ್ಳುವವನ ಹಾಗೆ ಕೈಯಾಡಿಸಿದ. "ನೀನು ಇಲ್ದೆ ಅಷ್ಟು ದೂರ ಹೋಗಿ ಕಡಲಿಗೆ ಏನಂತ ಹೇಳ್ಲಿ?"

ಟೇಲರಮ್ಮ ಅವನನ್ನು ನೋಡಿದಳು. ಅಳತೆ ಸರಿಯಿದ್ದೂ ಬಟ್ಟೆ ಯಾಕೋ ಸರಿಯಾಗಿ ಕೂರದಿದ್ದಾಗ ಗಿರಾಕಿಯನ್ನು ಒಂದು ಹೆಜ್ಜೆ ಹಿಂದೆ ನಿಂತು ನೋಡುತ್ತಾಳಲ್ಲ, ಹಾಗೆ. ಆಮೇಲೆ ಎದ್ದು ನಕ್ಷೆಯನ್ನು ಮತ್ತೆ ಮೇಜಿನ ಮೇಲೆ ಹರಡಿದಳು.

"ಬಟ್ಟೆ ಕಡಿಮೆ ಬಿದ್ರೆ ನಾನು ಗಿರಾಕಿನ ವಾಪಸ್ ಕಳಿಸ್ತೀನೇನ್ರೀ? ತೋಳು ಗಿಡ್ಡ ಮಾಡ್ತೀನಿ. ಪಿನ್ ಕೊಡಿ."

ಈ ಸಲ ಅವಳೇ ದಾರ ಆರಿಸಿದಳು. ಗೋಣಿಚೀಲ ಹೊಲಿಯುವಂಥ ದಪ್ಪ ದಾರ. ಆನೆ ಎಳೆದರೂ ಒಂದು ಕೂದಲಷ್ಟು ಉದ್ದವಾಗದು. ಟೇಪಿನ ಪಕ್ಕ ಇಟ್ಟು ಸರಿಯಾಗಿ ಅರವತ್ನಾಲ್ಕು ಸೆಂಟಿಮೀಟರಿಗೆ ಕತ್ತರಿಸಿ, ಮನೆಯಿಂದ ಶುರುಮಾಡಿ ಒಂದೊಂದೇ ತಿರುವಿಗೆ ಕೂರಿಸುತ್ತಾ ಹೋದಳು. ಅವನು ಪಿನ್ನು ಚುಚ್ಚುತ್ತಾ ಹೋದ. ಕೆರೆ ಬಂತು, ಹೋಯಿತು. ಮೊದಲ ಬೆಟ್ಟ ಹತ್ತಿತು, ಇಳಿಯಿತು. ಕಾಡಿನ ಹಸಿರಿನೊಳಗೆ, ರಸ್ತೆ ಸಣ್ಣ ಹೊಳೆಯೊಂದನ್ನು ಕಂಡು ತಿರುಗುವ ಕಡೆ, ದಾರ ಮುಗಿಯಿತು.

"ಇಲ್ಲಿ ಏನಿದೆ?" ಎಂದು ಅವಳು ಬಗ್ಗಿ ನೋಡಿದಳು.

"ಏನೂ ಇಲ್ಲ. ಊರಿನ ಹೆಸರೂ ಬರೆದಿಲ್ಲ."

"ನೀರಿದೆಯಲ್ಲ?"

"ನೀರಿದೆ."

"ಮತ್ತೇನು ಬೇಕು? ಐದನೇ ದಿನ ಇಲ್ಲಿ ಸುಮ್ನೆ ಕೂರೋದು. ನನಗೆ ಕಡಲಲ್ಲೇ ಕಾಲು ನೆನೆಸ್ಬೇಕು ಅಂತೇನಿಲ್ಲ. ನೆನೆಸ್ಬೇಕು ಅಷ್ಟೇ." ಅವಳು ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿದಳು. "ಕಡಲನ್ನ ಒಂದು ಮಾತು ಕೇಳ್ಬೇಕಿತ್ತೇನೋ. ಬೇಜಾರು ಮಾಡ್ಕೊಳ್ಳುತ್ತೆ."

"ಮಾಡ್ಕೊಳ್ಳಲಿ. ಅದಕ್ಕೆ ಬೇರೆ ಗಿರಾಕಿಗಳಿದಾರೆ."

ಅವಳು ನಕ್ಷೆ ಮಡಿಸಿ, ಕೈಗೆ ಹತ್ತಿದ್ದ ಪುಡಿ ಕೊಡವಿಕೊಂಡಳು. ಆಮೇಲೆ ಬಾಗಿಲ ಹೊರಗೆ ನಿಂತಿದ್ದ ಗಾಡಿಯನ್ನು, ಅದರ ಹಿಂದಿನ ಸೀಟನ್ನು, ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಎರಡು ತಿಂಗಳಾದರೂ ಅವಳು ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ.

"ರೀ, ಹಿಂದೆ ಕೂತವರು ಏನು ಹಿಡ್ಕೋಬೇಕು?"

"ಸೀಟಿನ ಹಿಂದೆ ಕಬ್ಬಿಣದ ಹಿಡಿ ಇದೆ."

"ಅದು ಬಿಸಿಲಿಗೆ ಕಾಯಲ್ವಾ?"

ಆ ಹಿಡಿಗೆ ಮೇಷ್ಟ್ರು ಹೆಬ್ಬೆರಳಿನ ದಪ್ಪ ರಬ್ಬರು ಸುತ್ತಿದ್ದ. ಅದು ಕಾಯುವ ಮಾತೇ ಇರಲಿಲ್ಲ.

"ಕೆಂಡ ಆಗುತ್ತೆ," ಎಂದ ಲಿಫ್ಟಣ್ಣ.

"ಹಾಗಾದ್ರೆ ಎದ್ದು ನಿಂತ್ಕೊಳ್ಳಿ. ಆ ಕಡೆ ತಿರುಗಿ." ಅವಳು ಕತ್ತಿನಲ್ಲಿದ್ದ ಟೇಪು ತೆಗೆದು, ಹಿಂದಿನಿಂದ ಅವನ ಸೊಂಟದ ಸುತ್ತ ತಂದಳು. "ಹೊಟ್ಟೆ ಒಳಗೆಳ್ಕೋಬೇಡಿ, ನನಗೆ ನಿಜವಾದ ಅಳತೆ ಬೇಕು."

ಅವನು ಉಸಿರು ಬಿಟ್ಟ.

"ನಲವತ್ತೆರಡು ಇಂಚು," ಎಂದಳು.

"ಕೈ ಸಾಲುತ್ತಾ?"

ಟೇಪು ನೆಲಕ್ಕೆ ಬಿತ್ತು. "ಸಾಲುತ್ತೆ," ಎಂದಳು ಅವನ ಬೆನ್ನ ಹಿಂದಿನಿಂದ. ಸಾಲುತ್ತದೆಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಅಳತೆ ನೋಡುತ್ತಲೇ ಇದ್ದಳು.